ಆಟಿಯಲ್ಲಿ ಬಂದ ನಾಲ್ಕು ಬ್ರೇಕ್ ಡ್ರಮ್ಮುಗಳು

ನನಗೆ ಮದುವೆಯಾದದ್ದು ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಗಂಡನ ಮನೆ ಕುದ್ರೋಳಿ, ತಾಯಿಮನೆ ಬಿಜೈ. ನಡೆದರೆ ಮುಕ್ಕಾಲು ಗಂಟೆ ದಾರಿ. ಆದರೆ ನಮ್ಮ ತುಳುವರಲ್ಲಿ ಒಂದು ಕಟ್ಟು ಉಂಟು: ಹೊಸ ಮದುಮಗಳು ಜಡಿಮಳೆಯ ಆಟಿ ತಿಂಗಳು ಪೂರ್ತಿ ತಾಯಿಮನೆಯಲ್ಲಿ ಕೂರಬೇಕು, ಗಂಡ ಆ ಕಡೆ ತಲೆ ಹಾಕಬಾರದು. ಅದರ ಮುಂದಿನ ಸೋಣ ತಿಂಗಳು ಹುಟ್ಟಿದ ಮೇಲೆಯೇ ಅವಳು ಮರಳಿ ಹೋಗುವುದು.

ಬೇರೆ ಹುಡುಗಿಯರಿಗೆ ಅದು ವಿಶ್ರಾಂತಿಯ ತಿಂಗಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನನ್ನ ಗಂಡನದ್ದು ಒಂದು ಹಳೆಯ ಲಾರಿ. ಹಂಚು ತುಂಬಿಸಿ ಘಾಟಿ ಹತ್ತಿದರೆ ಹತ್ತು ಹದಿನೈದು ದಿನ ಪತ್ತೆಯೇ ಇಲ್ಲ. ವರ್ಷದಲ್ಲಿ ಅವರು ಮನೆಯಲ್ಲಿ ಕಾಲು ಚಾಚುವುದು ಆಟಿಯಲ್ಲಿ ಮಾತ್ರ, ಯಾಕೆಂದರೆ ಆಗ ಮಳೆಗೆ ಗುಡ್ಡ ಜರಿದು ಘಾಟಿ ರಸ್ತೆ ಮುಚ್ಚುತ್ತಿತ್ತು. ಅವರು ಮನೆಗೆ ಬರುವುದಕ್ಕೂ ನಾನು ಗಂಟು ಕಟ್ಟಿಕೊಂಡು ಹೊರಡುವುದಕ್ಕೂ ಸರಿಹೋಯಿತು. ಈ ಕಟ್ಟು ಮಾಡಿದವರ ಮನೆಯಲ್ಲಿ ಲಾರಿ ಇದ್ದಿರಲಿಕ್ಕಿಲ್ಲ.

ಆಟಿಯ ನಾಲ್ಕೋ ಐದೋ ದಿನಕ್ಕೆ ನಮ್ಮ ಅಂಗಳಕ್ಕೆ ಒಂದು ಕೈಗಾಡಿ ಬಂತು. ದೂಡಿಕೊಂಡು ಬಂದವರು ನನ್ನ ಗಂಡ, ಮಳೆಗೆ ನೆನೆದು ಮುದ್ದೆಯಾಗಿದ್ದರು. ಗಾಡಿಯಲ್ಲಿ ಗೋಣಿ ಮುಚ್ಚಿದ ಒಂದು ಬ್ರೇಕ್ ಡ್ರಮ್. ಲಾರಿಯ ಚಕ್ರದ ಹಿಂದೆ ಕೂತು ಚಕ್ರದ ಜೊತೆಗೇ ತಿರುಗುವ, ಗಂಜಿ ಬೇಯಿಸುವ ದೊಡ್ಡ ಚರಿಗೆಯಷ್ಟು ಅಗಲದ ಭಾರೀ ಕಬ್ಬಿಣ ಅದು. ಅಂಗಳದಿಂದಲೇ ಅಮ್ಮನಿಗೆ ಹೇಳಿದರು, "ಮಾಮಿ, ಲಾರಿಯನ್ನು ಕಲ್ಲಿನ ಮೇಲೆ ನಿಲ್ಲಿಸಿ ಚಕ್ರ ಬಿಚ್ಚಿದ್ದೇನೆ. ಡ್ರಮ್ಮಿಗೆಲ್ಲ ತುಕ್ಕು. ಬಣ್ಣ ಹಾಕ್ಬೇಕಿತ್ತು. ನಿಮ್ಮಲ್ಲಿ ಬ್ರಷ್ ಉಂಟಲ್ಲ?"

ಬ್ರಷ್ ಇದ್ದದ್ದು ಹೌದು. ಅಪ್ಪ ಮನೆಗಳ ಬಾಗಿಲು ಕಿಟಕಿಗೆ ಬಣ್ಣ ಬಳಿಯುತ್ತಿದ್ದವರು. ಅವರು ತೀರಿಕೊಂಡು ಎರಡು ವರ್ಷವಾದರೂ ಬ್ರಷ್ಷುಗಳನ್ನು ಅಮ್ಮ ಎಸೆದಿರಲಿಲ್ಲ. ಆದರೆ ಕುದ್ರೋಳಿಯ ಅಂಗಡಿಗಳಲ್ಲಿ ಬ್ರಷ್ ಸಿಗುವುದಿಲ್ಲವೇ? ಅಮ್ಮ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಬ್ರಷ್ ಉಂಟು, ಬಳಿಯುವವಳೂ ಇದ್ದಾಳೆ. ನೀವು ಹೊಸ್ತಿಲು ದಾಟಬೇಡಿ, ಜಗಲಿಯಲ್ಲಿ ಕೂತ್ಕೊಳ್ಳಿ" ಎಂದಳು.

ಅವರು ಜಗಲಿಯಲ್ಲಿ ಕೂತರು. ನಾನು ಮಾಡಿನ ಅಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಕೆಂಪು ಬಣ್ಣ ಬಳಿದೆ. ಅಮ್ಮ ಕೆಸುವಿನೆಲೆಯ ಪತ್ರೊಡೆ ತಂದಿಟ್ಟು ಒಳಗೆ ಹೋದಳು. ನೆರೆಮನೆಯಾಕೆ ಬೇಲಿಯಿಂದ, "ಎಂತ, ಆಟಿಯಲ್ಲಿ ಅಳಿಯ ಬಂದದ್ದಾ?" ಎಂದು ಕೇಳಿದ್ದಕ್ಕೆ ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು. "ಅಳಿಯ ಬಂದದ್ದಲ್ಲ ಮಾರಾಯ್ತಿ, ಡ್ರಮ್ ಬಂದದ್ದು. ಡ್ರಮ್ಮಿಗೆ ಎಂತ ಆಟಿ?"

ಮರುದಿನ ಡ್ರಮ್ ಕೊಂಡುಹೋಗಲು ಬಂದವರು ಅದನ್ನು ಮಗುಚಿ ನೋಡಿ ತಲೆಗೆ ಕೈ ಹಚ್ಚಿದರು. ನಾನು ಒಳಗೂ ಬಣ್ಣ ಬಳಿದಿದ್ದೆ. ಅಪ್ಪ ಕಲಿಸಿದ್ದೇ ಹಾಗೆ. ಬಾಗಿಲಿನ ಮೇಲಂಚು ಯಾರಿಗೂ ಕಾಣದಿದ್ದರೂ ಬಳಿಯದೆ ಬಿಡಬಾರದು, ಬಿಟ್ಟಲ್ಲಿಂದಲೇ ಹಾಳಾಗುವುದು ಎನ್ನುತ್ತಿದ್ದರು.

"ಒಳಗೆ ಬಣ್ಣ ಇದ್ರೆ ಬ್ರೇಕ್ ಹಿಡಿಯುದಿಲ್ಲ. ನನ್ನನ್ನು ಘಾಟಿಯಿಂದ ಕೆಳಗೆ ಹಾಕ್ತೀಯಾ ನೀನು?" ಎಂದರು. ಬೈದದ್ದಲ್ಲ, ನಗುತ್ತಿದ್ದರು. ಉಪ್ಪುಕಾಗದ ತಂದು ಅದನ್ನೆಲ್ಲ ಕೆರೆದು ತೆಗೆಯಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ಅವರು ನಮ್ಮ ಜಗಲಿಯಲ್ಲೇ ಇದ್ದರು. ಘಾಟಿಯ ತಿರುವುಗಳ ಬಗ್ಗೆ, ಚಳಿಗೆ ಗೋಣಿ ಹೊದ್ದು ಲಾರಿಯಡಿ ಮಲಗುವುದರ ಬಗ್ಗೆ ಹೇಳಿದರು. ಮದುವೆಯಾದ ಮೇಲೆ ನಾವು ಅಷ್ಟು ಮಾತಾಡಿದ್ದು ಅದೇ ಮೊದಲು.

ಎರಡನೆಯ ಡ್ರಮ್ ಬಂದಾಗ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಬಳಿದೆ, ಎರಡು ಸುತ್ತು. ಅವರು ಮಗುಚಿ ನೋಡಿ ಜೇಬಿನಿಂದ ಉಪ್ಪುಕಾಗದ ತೆಗೆದರು. ಮನೆಯಿಂದಲೇ ತಂದಿದ್ದರು! ಮೂರನೆಯದಕ್ಕೂ ಹಾಗೇ ಆಯಿತು. ಲಾರಿ ಡ್ರೈವರ್ ಎಂದರೆ ಮಂದ ಬುದ್ಧಿಯವರು ಎಂದು ನನ್ನ ಸೋದರತ್ತೆ ಹೇಳಿದ್ದಳು. ಅವಳನ್ನು ಕರೆದು ತೋರಿಸಬೇಕು ಅನ್ನಿಸಿತು.

ಆಟಿ ಮುಗಿಯಲು ಎರಡು ದಿನ ಇರುವಾಗ ನಾಲ್ಕನೆಯ ಡ್ರಮ್ ತಂದರು. ಆ ದಿನ ಗಾಡಿಯಿಂದ ಇಳಿಸುವ ಮೊದಲೇ ಹೇಳಿದರು, "ಈ ಸಲ ಒಳಗೆ ಬಳಿಬೇಡ. ಸೋಣದ ಮೊದಲ ದಿನ ನಾನೇ ಲಾರಿ ತರ್ತೇನೆ. ನೀನು ಮುಂದಿನ ಸೀಟಲ್ಲಿ ಕೂತು ಕುದ್ರೋಳಿಗೆ ಬರ್ಬೇಕು. ಲಾರಿ ತಯಾರಿರಬೇಕಲ್ಲ?"

ನಾನು ಯಾರ ಮಾತನ್ನಾದರೂ ಒಂದೇ ಸಲಕ್ಕೆ ಕೇಳಿದ್ದು ಕಡಿಮೆ. ಅವತ್ತು ಕೇಳಿದೆ. ಹೊರಗೆ ಮಾತ್ರ, ತೆಳ್ಳಗೆ, ಒಂದು ಹನಿಯೂ ಒಳಗೆ ಇಳಿಯದ ಹಾಗೆ ಬಳಿದೆ. ಮರುದಿನ ಮಧ್ಯಾಹ್ನಕ್ಕೆ ಒಣಗಿತು, ಕೊಂಡುಹೋದರು.

ಸೋಣದ ಮೊದಲ ದಿನ ಬೆಳಿಗ್ಗೆಯೇ ಮಲ್ಲಿಗೆ ಮುಡಿದು ತಯಾರಾಗಿ ಕೂತೆ. ದಾರಿಯಲ್ಲಿ ಬಸ್ಸು ಹಾರ್ನ್ ಹೊಡೆದರೂ ಏಳುತ್ತಿದ್ದೆ. ಹನ್ನೊಂದು ಗಂಟೆಗೆ ಕೊಡೆ ಹಿಡಿದುಕೊಂಡು ಒಬ್ಬರೇ ನಡೆದು ಬಂದದ್ದು ನನ್ನ ಅತ್ತೆ.

"ನಿನ್ನೆ ಘಾಟಿ ರಸ್ತೆ ತೆರೆದರಂತೆ" ಎಂದರು ಅವರು. "ಬಂದರಿನ ಸಾಹುಕಾರರು ಹಂಚಿನ ಲೋಡಿಗೆ ಹುಡುಕಿಕೊಂಡು ಬಂದ್ರು. ಬೇರೆಯವರ ಲಾರಿಗೆಲ್ಲ ಇನ್ನೂ ಚಕ್ರ ಹಾಕಿರ್ಲಿಲ್ಲ. ತಯಾರಿದ್ದದ್ದು ಇವನದ್ದು ಒಂದೇ. ಆಗುದಿಲ್ಲ ಅಂತ ಹೇಳಿ ನೋಡಿದ, ಅವರು ಬಿಡ್ಲಿಲ್ಲ. ಬಾ, ನಾವು ಹೋಗುವ."

ಅತ್ತೆಯ ಕೊಡೆಯಡಿಯಲ್ಲಿ ನಡೆದು ಕುದ್ರೋಳಿಗೆ ಹೋದೆ. ನನ್ನ ಗಂಡ ಬಂದದ್ದು ಇಪ್ಪತ್ತು ದಿನ ಕಳೆದು. ಆಮೇಲಿನ ಸಂಸಾರವೂ ಹಾಗೇ ಸಾಗಿತು. ಅವರು ಘಾಟಿಯಲ್ಲಿ, ನಾನು ಮನೆಯಲ್ಲಿ. ಮುಂದಿನ ಆಟಿಗಳಲ್ಲಿ ಅವರು ಮನೆಯಲ್ಲಿದ್ದರೂ ಲಾರಿಯ ರಿಪೇರಿಯಲ್ಲಿ ಅವರ, ಮನೆಗೆಲಸದಲ್ಲಿ ನನ್ನ ದಿನ ಮುಗಿಯುತ್ತಿತ್ತು. ಕೂಡಬಾರದ ಆ ಒಂದು ತಿಂಗಳಲ್ಲಿ ಕೂತು ಮಾತಾಡಿದಷ್ಟು ನಾವು ಮತ್ತೆಂದೂ ಮಾತಾಡಲಿಲ್ಲ. ಈಗ ಅವರಿಲ್ಲ. ನನಗೆ ಅವರು ಬೇಕು ಅನ್ನಿಸಿದಾಗಲೆಲ್ಲ ಮೊದಲು ಸಿಟ್ಟು ಬರುವುದು ನನ್ನ ಮೇಲೆಯೇ. ನಾಲ್ಕನೆಯ ಡ್ರಮ್ಮಿನ ಒಳಗೂ ಒಂದು ಸುತ್ತು ಬಳಿದಿದ್ದರೆ, ಅವರು ಆ ದಿನ ಉಪ್ಪುಕಾಗದ ಹಿಡಿದು ನಮ್ಮ ಜಗಲಿಯಲ್ಲಿರುತ್ತಿದ್ದರು.