ಹದಿನಾಲ್ಕು ಬೇವಿನ ಮರ, ಒಂದು ಪರಸವ್ವನ ಹಗ್ಗ

ಮಮದಾಪುರದ ಕೆರೆಯ ಕೆಳಗಿನ ತಗ್ಗಿನಲ್ಲಿ ಹದಿನಾಲ್ಕು ಬೇವಿನ ಮರಗಳು ಒಂದೇ ಸಾಲಿಗೆ ನಿಂತಿದ್ದವು. ಊರಿಗೆಲ್ಲ ಅದು ನೆರಳು, ಪರಸವ್ವನಿಗೆ ಮಾತ್ರ ಕಾರಖಾನೆ. ಹಗ್ಗ ಹೊಸೆಯುವವರಿಗೆ ಮನೆ ಎಷ್ಟು ದೊಡ್ಡದಿದ್ದರೂ ಸಾಲದು ನೋಡಿ, ಉದ್ದನೆಯ ನೆರಳೇ ಬೇಕು. ಮೊದಲ ಮರದ ಬುಡದಲ್ಲಿ ಗಂಡ ಭಾಗಪ್ಪ ರಾಟಿ ತಿರುವಿದರೆ, ಇವಳು ಪುಂಡಿನಾರು ಸೊಂಟಕ್ಕೆ ಸುತ್ತಿಕೊಂಡು ಹಿಂದೆ ಹಿಂದೆ ನಡೆಯುತ್ತ ಕೊನೆಯ ಮರದವರೆಗೂ ಹಗ್ಗ ಬೆಳೆಸುವಳು. ಬಬಲೇಶ್ವರದ ಸಂತೆಯಲ್ಲಿ “ಪರಸವ್ವನ ಹಗ್ಗ ಐತೇನ್ರಿ?” ಎಂದು ಕೇಳಿಯೇ ಕೊಳ್ಳುವ ರೈತರಿದ್ದರು.

೧೯೬೪ರ ಚಳಿಗಾಲದಲ್ಲಿ ವಿಜಾಪುರದ ಕಡೆಯಿಂದ ದೊಡ್ಡ ಕರೆಂಟಿನ ತಂತಿ ಹೊರಟಿತು. ಓವರಸಿಯರ್ ಶಂಕರೆಪ್ಪ ಕೆಂಪು ಬಾವುಟ ನೆಡುತ್ತ ಬಂದವನು ನೆಟ್ಟಗೆ ಬೇವಿನ ಸಾಲಿಗೇ ಬಂದು ಸುಣ್ಣದ ಗುರುತು ಹಾಕಿಸಿದ. ಹದಿನಾಲ್ಕೂ ಬೀಳಬೇಕು!

“ಸಾಹೇಬ್ರ, ತಂತಿ ಬರ್ಲಿ, ಯಾರ್ ಬ್ಯಾಡಂದಾರ? ಮರದ ಮ್ಯಾಲಿಂದ ಹೋಗ್ಲಿ,” ಎಂದಳು ಪರಸವ್ವ.

“ತಂತಿ ಏನ್ ಹಕ್ಕಿ ಏನ್ ಬೇ, ಹಾರಾಕ? ನಡುವ ಕಂಬ ಇಲ್ಲಂದ್ರ ಜೋಲಿ ಬೀಳತೈತಿ.”

“ಜೋಲಿ ಬೀಳೂದು ನನಗ ಕಲಸಾಕ ಬಂದೀರೇನ್ರಿ?”

ಸಾಲಿನ ಆ ತುದಿಗೊಂದು, ಈ ತುದಿಗೊಂದು ಕಲ್ಲುಮಡ್ಡಿ, ಅಂದರೆ ಬಂಡೆಯ ದಿಬ್ಬ, ಇದ್ದವು. ಅವೆರಡರ ಮೇಲೆ ಒಂದೊಂದೇ ಕಂಬ, ನಡುವೆ ಏನೂ ಇಲ್ಲ. ಇದು ಪರಸವ್ವನ ಯೋಜನೆ. ನಾಳೆ ತಂತಿಯ ಬದಲು ಹಗ್ಗ ಕಟ್ಟಿಯೇ ತೋರಿಸುತ್ತೇನೆಂದಳು. ಶಂಕರೆಪ್ಪನಿಗೂ ಕುತೂಹಲ, ಒಪ್ಪಿದ. ತಂತಿ ಎಳೆಯುವ ಮೇಸ್ತ್ರಿ ಜಿಲಾನಿ ಎರಡೂ ಮಡ್ಡಿಯ ಇಳಿಜಾರಿನಲ್ಲಿ ಕಂಬದೆತ್ತರಕ್ಕೆ ಬಿದಿರು ಜೋಡಿಸಿ ನಿಲ್ಲಿಸಿದ.

ಹೊಸ ಹಗ್ಗವನ್ನು ರಾತ್ರಿಯಿಡೀ ಕೆರೆಯಲ್ಲಿ ನೆನೆಸುವುದು ಅವಳ ರೂಢಿ. ನೀರು ಕುಡಿದ ಹಗ್ಗ ಬಿಗಿಯಾಗಿ, ಸಂತೆಯಲ್ಲಿ ಕೈಗೆ ಸಿಕ್ಕರೆ ಸರಳಿನಂತಿರುತ್ತದೆ. ಮಡ್ಡಿಯಿಂದ ಮಡ್ಡಿಗೆ ಮುಟ್ಟಿ ಮಿಕ್ಕುವಷ್ಟು ಉದ್ದದ ಈ ಹಗ್ಗವನ್ನೂ ಹಾಗೆಯೇ ನೆನೆಸಿದಳು. ಬೆಳಿಗ್ಗೆ ಎಳೆದು ಕಟ್ಟಿದರೆ, ಅಬ್ಬಾ, ಮರದ ತುದಿಗಿಂತ ಆಳುದ್ದ ಮೇಲೆ! ನೆರೆದವರು ಸೀಟಿ ಹೊಡೆದರು.

“ಛಲೋ ಆತು. ಮಧ್ಯಾಹ್ನದ ಮಟ ಇಲ್ಲೇ ಕುಂದರತೀನಿ,” ಎಂದು ಶಂಕರೆಪ್ಪ ಬೇವಿನ ಬುಡದಲ್ಲೇ ಟೋಪಿ ತೆಗೆದಿಟ್ಟ.

ಮಧ್ಯಾಹ್ನಕ್ಕೆ ಹಗ್ಗ ಒಣಗಿತು. ಒಣಗಿ ಸಡಿಲಾಯಿತು. ಸಡಿಲಾಗಿ ಏಳನೆಯ ಮರದ ನೆತ್ತಿಯ ಮೇಲೆ ಮಲಗಿಯೇ ಬಿಟ್ಟಿತು.

“ಪರಸವ್ವಾ, ನಿನ್ನ ಹಗ್ಗಕ್ಕ ನಿದ್ದಿ ಬಂತ ನೋಡ!” ಎಂದ ಜಿಲಾನಿ. ಊರೇ ನಕ್ಕಿತು.

ಶಂಕರೆಪ್ಪ ನಗಲಿಲ್ಲ. “ತಂತೀನೂ ಬಿಸಲಿಗೆ ಹಿಂಗ ಇಳೀತೈತಿ ಬೇ. ಬ್ಯಾಸಗ್ಯಾಗ ಮರಾ ಮುಟ್ಟಿದ್ರ ಬೆಂಕಿ. ಕೊಡ್ಲಿ ತರ್ರಿ.”

ಪರಸವ್ವ ಹೋಗಿ ಸುಣ್ಣದ ಗುರುತಿಗೆ ಬೆನ್ನು ಹಚ್ಚಿ ನಿಂತಳು.

“ತಡೀರಿ ಸಾಹೇಬ್ರ, ತಪ್ಪು ನಂದ. ಕನ್ಯಾ ತೋರಿಸೂವಾಗ ಸಿಂಗಾರ ಮಾಡ್ತಾರಲ್ಲ, ಹಂಗ ಹಗ್ಗಕ್ಕ ನೀರ ಕುಡಿಸಿ ತೋರಿಸಿದ್ನಿ. ಈಗ ಖರೇ ಜೋಲಿ ಕಾಣಾಕತ್ತೈತಿ. ಈ ಒಣಾ ಹಗ್ಗಾನ ನೋಡಿ ಕಂಬದ ಜಾಗಾ ಹುಡುಕ್ರಿ. ಜಿಲಾನಿ, ನಗೂದ ಬಿಡೋ, ಬಿದರ ಮಡ್ಡಿ ತುದೀಗೆ ಒಯ್ಯಿ!”

“ತುದ್ಯಾಗ ಬರೇ ಬಂಡಿಗಲ್ಲ ಐತಿ. ತಗ್ಗ ತೋಡಾವ್ರು ಯಾರು?” ಎಂದ ಶಂಕರೆಪ್ಪ.

“ನಾನೂ ನಮ್ಮ ಮನ್ಯಾರೂ. ಮತ್ತ್ಯಾರು?”

ಬಿದಿರು ಎರಡೂ ಮಡ್ಡಿಗಳ ತುದಿಗೇರಿತು. ಅದೇ ಒಣ ಹಗ್ಗ, ಅದೇ ಬಿಸಿಲು. ಈ ಸಲ ಮರಕ್ಕೂ ಹಗ್ಗಕ್ಕೂ ನಡುವೆ ಎರಡಾಳು ಅಂತರ. ಶಂಕರೆಪ್ಪ ಮೂರು ಸಲ ಅಳೆಸಿದ, ಆಮೇಲೆ ಬಾವುಟ ಕಿತ್ತು ಮಡ್ಡಿಯ ನೆತ್ತಿಗೆ ನೆಟ್ಟ. ಗಂಡ ಹೆಂಡತಿ ಹನ್ನೊಂದು ದಿನ ಹಾರೆ ಹಿಡಿದು ಆ ಬಂಡೆಯಲ್ಲಿ ತಗ್ಗು ತೋಡಿದರು.

ಏಪ್ರಿಲ್‌ನಲ್ಲಿ ತಂತಿ ಎಳೆದರು. ಬಬಲೇಶ್ವರದ ಹಾದಿಯಿಂದ ನೋಡಿದರೆ ಮಡ್ಡಿಗೊಬ್ಬರಂತೆ ಇಬ್ಬರು ಕುರುಬರು ನಿಂತ ಹಾಗೆ ಎರಡೇ ಕಂಬ, ನಡುವೆ ಬೇವಿನ ಸಾಲು ಇದ್ದ ಹಾಗೇ ಇತ್ತು. ಕರೆಂಟು ಬಿಡುವ ಮುಂಚೆ, ಸುಡು ಮಧ್ಯಾಹ್ನದಲ್ಲಿ ಶಂಕರೆಪ್ಪ ಏಳನೆಯ ಮರದ ಕೆಳಗೆ ಕತ್ತೆತ್ತಿ ನಿಂತ. ತಂತಿ ಇಳಿದಿತ್ತು, ಆದರೆ ಮರ ಇನ್ನೂ ಎರಡಾಳು ಕೆಳಗೇ ಇತ್ತು.

ಪರಸವ್ವ ಮೇಲೆ ನೋಡಲೇ ಇಲ್ಲ.

“ಸಾಹೇಬ್ರ, ನೋಡಿದ್ದು ಸಾಕು ಬರ್ರಿ. ನಮ್ಮ ಮನ್ಯಾರು ಊಟಕ್ಕ ಹೋಗ್ಯಾರ. ಚೂರು ರಾಟಿ ತಿರುವ್ರಿ.”

ಓವರಸಿಯರ್ ಸಾಹೇಬ ಅಂಗಿಯ ತೋಳು ಮಡಚಿ ರಾಟಿಗೆ ಕೂತ. ಅವಳು ನಾರು ಸುತ್ತಿಕೊಂಡು ಹಿಂದೆ ಹಿಂದೆ ನಡೆದಳು, ಹದಿನಾಲ್ಕನೆಯ ಮರದವರೆಗೂ.