ಕಾಲರ್ ತುದಿಯ ಅಡ್ಡ ಹೊಲಿಗೆ

ಹೊಲಿಗೆ ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಮನೆಯಲ್ಲಿ ದೊಡ್ಡ ಸೊಸೆ, ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು, ಹಾಗಾಗಿ ಆ ಹೆಸರು ಎರಡು ಕಡೆಗೂ ಒಪ್ಪುತ್ತಿತ್ತು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಶೆಡ್ಡು ಅದು. ತಗಡಿನ ಮಾಡು, ಎರಡು ಸಾಲು ಯಂತ್ರ, ಕಿಟಕಿಯ ಪಕ್ಕಕ್ಕೆ ಉದ್ದನೆಯ ಕಟಿಂಗ್ ಟೇಬಲ್. ಆ ಟೇಬಲ್ಲಿನ ಮುಂದೆ ನಿಂತು ಬಟ್ಟೆ ಕತ್ತರಿಸುವವರ ಗತ್ತೇ ಬೇರೆ. ಕೂತು ಹೊಲಿಯುವವರೆಲ್ಲ ಅವರನ್ನು ತಲೆ ಎತ್ತಿ ನೋಡಬೇಕು. ದೊಡ್ಡಕ್ಕ ಮದುವೆಯಾಗಿ ಬಂದಾಗಿನಿಂದ ಹಾಗೆ ನೋಡುತ್ತಲೇ ಇದ್ದಳು. ಒಂದಲ್ಲ ಒಂದು ದಿನ ಆ ಜಾಗ ತನ್ನದು ಎಂದು ಮನಸ್ಸಿನಲ್ಲೇ ಬರೆದುಕೊಂಡಿದ್ದಳು.

ಆಮೇಲೆ ಮೈದುನನಿಗೆ ಮದುವೆಯಾಯಿತು, ಮನೆಗೆ ಚಿಕ್ಕವಳು ಬಂದಳು. ದೊಡ್ಡಕ್ಕನ ಹೊಟ್ಟೆಕಿಚ್ಚೂ ಅವತ್ತೇ ಅವಳ ಹಿಂದೆಯೇ ಹೊಸ್ತಿಲು ದಾಟಿತು ಅಂತ ಇಟ್ಟುಕೊಳ್ಳಿ. ಚಿಕ್ಕವಳು ಮಾಡಿದ ಚಹಾ ಅತ್ತೆಗೆ ಹಿಡಿಸಿತು. ಇಷ್ಟು ವರ್ಷ ಇವಳು ಮಾಡಿಕೊಟ್ಟದ್ದನ್ನು ಅದೇ ಅತ್ತೆ ತುಟಿ ಪಿಟಕ್ಕೆನ್ನದೆ ಕುಡಿದಿದ್ದರು. ಚಿಕ್ಕವಳು ನಕ್ಕರೆ ಮನೆಯೆಲ್ಲ ನಗುತ್ತಿತ್ತು. ಇವಳು ನಕ್ಕರೆ, ಏನಾಯ್ತು ಎಂದು ಕೇಳುತ್ತಿದ್ದರು. ಇದನ್ನೆಲ್ಲ ಹೇಗೆ ತಡೆದುಕೊಳ್ಳುವುದು?

ಹಾಗಂತ ಹೊಲಿಗೆ ಹೇಳಿಕೊಡದೆ ಇರಲಿಲ್ಲ. ಸೂಜಿಗೆ ದಾರ ಪೋಣಿಸಲೂ ಬಾರದೆ ಬಂದವಳನ್ನು ಶೆಡ್ಡಿಗೂ ಸೇರಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದು ಕಲಿಸಿದವಳು ಇವಳೇ. ಅಂಗಿಯ ಕಾಲರ್ ಹೊಲಿಯುವಾಗ ಚೂಪು ತುದಿಗೆ ಬಂದ ಕೂಡಲೇ ಕಾಲಲ್ಲಿ ತುಳಿಯುವುದನ್ನು ನಿಲ್ಲಿಸಬೇಕು, ಯಂತ್ರದ ಚಕ್ರವನ್ನು ಕೈಯಲ್ಲಿ ತಿರುಗಿಸಿ ಆ ಮೂಲೆಗೆ ಅಡ್ಡವಾಗಿ ಒಂದೇ ಒಂದು ಹೊಲಿಗೆ ಹಾಕಬೇಕು, ಆಗಲೇ ಮಗುಚಿದಾಗ ತುದಿ ಮುದ್ದೆಯಾಗದೆ ನೀಟಾಗಿ ನಿಲ್ಲುತ್ತದೆ. ಈ ಅಡ್ಡ ಹೊಲಿಗೆಯನ್ನು ದೊಡ್ಡಕ್ಕ ತಾನೇ ಮಾಡಿ ಮಾಡಿ ಕಂಡುಕೊಂಡಿದ್ದಳು. ಶೆಡ್ಡಿನಲ್ಲಿ ಬೇರೆ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಚಿಕ್ಕವಳಿಗೆ ಮಾತ್ರ ಯಾವ ಗಳಿಗೆಯಲ್ಲಿ ಮನಸ್ಸು ಕರಗಿತೋ, ಹೇಳಿಕೊಟ್ಟುಬಿಟ್ಟಿದ್ದಳು.

ಈಗ ಕಟಿಂಗ್ ಮಾಸ್ಟರ್ ಕಣ್ಣು ಮಂಜಾಗಿ ಕೆಲಸ ಬಿಡುವುದಾಗಿ ಹೇಳಿದರು. ಮಾಲೀಕರಿಗೆ ಎಲ್ಲದಕ್ಕೂ ಕಾಗದ ಬೇಕು. ಮುಕ್ತ ವಿಶ್ವವಿದ್ಯಾಲಯದವರು ದೊಡ್ಡವರಿಗೆಂದೇ ಫೋನಿನಲ್ಲಿ ಹೊಲಿಗೆ ಕೋರ್ಸ್ ನಡೆಸುತ್ತಾರಂತೆ, ಅದರಲ್ಲಿ ಯಾರಿಗೆ ಹೆಚ್ಚು ಅಂಕ ಬರುತ್ತದೋ ಅವರಿಗೇ ಟೇಬಲ್ ಎಂದುಬಿಟ್ಟರು. ದೊಡ್ಡಕ್ಕ ಓದು ಬಿಟ್ಟು ಯಾವ ಕಾಲವಾಗಿತ್ತೋ! ಆದರೂ ಎದೆ ಗಟ್ಟಿ ಮಾಡಿಕೊಂಡು ಹೆಸರು ಕೊಟ್ಟಳು. ಚಿಕ್ಕವಳು ಓಡಿ ಬಂದು, ನೀನು ಸೇರೋದಾದ್ರೆ ನಾನೂ ಸೇರ್ತೀನಕ್ಕ, ಒಬ್ಬಳೇ ಆದ್ರೆ ಹೆದರಿಕೆ ಎಂದಳು. ಹೆದರಿಕೆಯಂತೆ! ದೊಡ್ಡಕ್ಕನ ಮೈಯೆಲ್ಲ ಉರಿದುಹೋಯಿತು.

ಪಾಠ ಶುರುವಾದ ಮೇಲಂತೂ ಉರಿಯುವುದಕ್ಕೆ ಹೊಸ ಹೊಸ ಕಾರಣ ಸಿಕ್ಕವು. ಯಾರು ಎಷ್ಟು ಪಾಠ ನೋಡಿದ್ದಾರೆ ಎಂಬುದು ಫೋನಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ದೊಡ್ಡಕ್ಕ ಒಂದು ವಿಡಿಯೋವನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಕೇಳಿ ಮುಗಿಸುವಷ್ಟರಲ್ಲಿ ಚಿಕ್ಕವಳ ಹೆಸರಿನ ಮುಂದಿನ ಹಸಿರು ಗೆರೆ ಇನ್ನೆಲ್ಲಿಗೋ ಹೋಗಿರುತ್ತಿತ್ತು. ಭಾನುವಾರದ ನೇರ ತರಗತಿಯಲ್ಲಿ ಮೇಡಂ ಪ್ರಶ್ನೆ ಕೇಳಿದರೆ ದೊಡ್ಡಕ್ಕ ಮೈಕಿನ ಗುಂಡಿ ಹುಡುಕುವಷ್ಟರಲ್ಲಿ ಚಿಕ್ಕವಳ ಉತ್ತರ ಮುಗಿದಿರುತ್ತಿತ್ತು. ಊಟದ ಹೊತ್ತಿನಲ್ಲಿ ದೊಡ್ಡಕ್ಕ ತನ್ನ ಪಾಠ ಬಿಟ್ಟು ಆ ಹಸಿರು ಗೆರೆಯನ್ನೇ ತೆಗೆದು ತೆಗೆದು ನೋಡುತ್ತಿದ್ದಳು.

ಕೊನೆಗೆ ದೊಡ್ಡ ಅಂಕದ ಕೆಲಸ ಬಂತು. ಎಲ್ಲರೂ ಒಂದು ಕಾಲರ್ ಹೊಲಿದು ಅದರ ಹೊರಗಿನದೂ ಒಳಗಿನದೂ ಫೋಟೋ ಕಳಿಸಬೇಕು. ಅಂಕ ಕೊಡುವವರು ಮೇಡಂ ಅಲ್ಲ, ಸಹಪಾಠಿಗಳೇ. ಪ್ರತಿಯೊಬ್ಬರಿಗೂ ಬೇರೆಯವರ ಮೂರು ಕಾಲರ್ ಹೆಸರಿಲ್ಲದೆ ಬರುತ್ತವೆ, ನೋಡಿ ಅಂಕ ಹಾಕಿ ಕಾರಣ ಬರೆಯಬೇಕು. ದೊಡ್ಡಕ್ಕ ತನ್ನ ಅಡ್ಡ ಹೊಲಿಗೆಯ ಗೊಡವೆಗೇ ಹೋಗಲಿಲ್ಲ. ವಿಡಿಯೋದಲ್ಲಿ ಹೇಗಿತ್ತೋ ಹಾಗೆ, ತುದಿಯಲ್ಲಿ ಸೀದಾ ತಿರುಗಿಸಿ ಹೊಲಿದು ಕಳಿಸಿದಳು. ಅಂಕ ಬೇಕಲ್ಲ.

ಅವಳ ಪಾಲಿಗೆ ಬಂದ ಮೂರನೆಯ ಕಾಲರಿನ ಒಳಗಿನ ಫೋಟೋ ತೆರೆದಳು. ಮೂಲೆಯಲ್ಲಿ ಅಡ್ಡಕ್ಕೆ ಒಂದೇ ಒಂದು ಹೊಲಿಗೆ. ಇದು ಯಾರದೆಂದು ಹೇಳುವುದಕ್ಕೆ ಹೆಸರು ಬೇಕೆ? ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ, ಅಲುಗಿಸಿ, ತಪ್ಪು ಹುಡುಕಿದಳು. ಒಂದೂ ಸಿಗಲಿಲ್ಲ. ಹೊಲಿಗೆ ತನ್ನದಕ್ಕಿಂತ ಚೆನ್ನಾಗಿತ್ತು. ಹತ್ತಕ್ಕೆ ಎರಡು ಒತ್ತಿದಳು. ಕಡಿಮೆ ಕೊಟ್ಟರೆ ಕಾರಣ ಬರೆಯದೆ ಫೋನು ಮುಂದಕ್ಕೆ ಬಿಡುವುದಿಲ್ಲ. ಬರೆದಳು: ‘ತುದಿಯಲ್ಲಿ ಅಡ್ಡ ಹೊಲಿಗೆ ಹಾಕಿರುವುದು ತಪ್ಪು. ಇದನ್ನು ಕಲಿಸಿದವರಿಗೇ ಹೊಲಿಗೆ ಗೊತ್ತಿಲ್ಲ.’ ಕಳಿಸಿದ ಮೇಲೆ ಹೊಟ್ಟೆ ತಣ್ಣಗಾಯಿತು. ಅವತ್ತು ಎರಡು ತುತ್ತು ಹೆಚ್ಚೇ ಉಂಡಳು.

ಎರಡು ದಿನ ಕಳೆದು, ಬೆಳಿಗ್ಗೆ ದೊಡ್ಡಕ್ಕ ಬಟ್ಟೆ ಒಣಹಾಕುವಾಗ ಚಿಕ್ಕವಳು ಫೋನು ಹಿಡಿದು ಮಹಡಿಗೆ ಬಂದಳು. ಅಂಕ ಬಂದಿತ್ತು. ಇಬ್ಬರು ಪೂರ್ತಿ ಕೊಟ್ಟಿದ್ದರು, ಇನ್ಯಾರೋ ಎರಡು. ಆ ಎರಡರಿಂದಾಗಿ ಚಿಕ್ಕವಳು ದೊಡ್ಡಕ್ಕನಿಗಿಂತ ಕೆಳಕ್ಕೆ ಬಿದ್ದಿದ್ದಳು. ಟೇಬಲ್ ಕಣ್ಣ ಮುಂದೆ ಬಂದು ನಿಂತಿತು. ದೊಡ್ಡಕ್ಕ ಬಕೆಟ್ಟಿಗೆ ಬಗ್ಗಿ ಮುಖ ಮರೆಸಿಕೊಂಡಳು.

“ಅಂಕ ಹಾಳಾಗಿ ಹೋಗ್ಲಿ ಅಕ್ಕ,” ಎಂದಳು ಚಿಕ್ಕವಳು. “ಕಲಿಸಿದವರಿಗೇ ಹೊಲಿಗೆ ಗೊತ್ತಿಲ್ಲ ಅಂತ ಬರೆದಿದಾರೆ. ನಿನ್ನನ್ನ ಬೈದಿದಾರೆ! ನನ್ನನ್ನ ಏನು ಬೇಕಾದ್ರೂ ಅನ್ಲಿ, ನಿನ್ನನ್ನ ಅನ್ನೋಕೆ ಅವರ್ಯಾರು? ಇಂಥವರ ಜೊತೆ ನಂಗೆ ಪಾಠವೇ ಬೇಡ, ಬಿಟ್ಬಿಡ್ತೀನಿ.”

ದೊಡ್ಡಕ್ಕನ ಕೈಯಲ್ಲಿದ್ದ ಒದ್ದೆ ಅಂಗಿ ಕೈಯಲ್ಲೇ ಉಳಿಯಿತು. ಬಿಡು ಎಂದರೆ ಸಾಕಿತ್ತು, ಎಲ್ಲ ಮುಗಿಯುತ್ತಿತ್ತು. ಆದರೆ ತನ್ನ ಪರವಾಗಿ ಜಗಳಕ್ಕೆ ನಿಂತು ಮೂಗು ಕೆಂಪು ಮಾಡಿಕೊಂಡಿದ್ದ ಆ ಮುಖ ನೋಡಿ ಅವಳಿಗೆ ಏನಾಯಿತೋ, ಬಾಯಿ ತಾನಾಗಿಯೇ ತೆರೆಯಿತು.

“ಬಿಡೋದೇನೂ ಬೇಡ. ಆ ಅಡ್ಡ ಹೊಲಿಗೆ ಬಿಚ್ಚಿ, ವಿಡಿಯೋದಲ್ಲಿರೋ ಹಾಗೆ ಸೀದಾ ಹೊಲಿದು ಇನ್ನೊಂದ್ಸಲ ಕಳ್ಸು. ತಗೋತಾರೆ.”

ಚಿಕ್ಕವಳು ಫೋನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದಳು. ಅಡ್ಡ ಹೊಲಿಗೆಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಓದಿ ಹೇಳಿದ್ದು ಎರಡನೆಯ ವಾಕ್ಯ ಮಾತ್ರ, ಮೊದಲನೆಯದು ಇನ್ನೂ ಅವಳ ಕೈಯಲ್ಲಿದ್ದ ಫೋನಿನಲ್ಲೇ ಇತ್ತು. ದೊಡ್ಡಕ್ಕನಿಗೂ ಅದು ಆಗಲೇ ಹೊಳೆಯಿತು. ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಅಂಗಿಯ ನೀರು ತೊಟ್ಟಿಕ್ಕಿ ಅವಳ ಪಾದವೆಲ್ಲ ಒದ್ದೆಯಾಗಿತ್ತು.

“ಬಿಚ್ಚಲ್ಲ ಅಕ್ಕ,” ಎಂದಳು ಚಿಕ್ಕವಳು. “ಅದು ಸರಿಯಾಗೇ ಇದೆ. ನಿಂಗೂ ಗೊತ್ತು.”

ಅಷ್ಟೇ ಹೇಳಿ ಕೆಳಗಿಳಿದು ಹೋದಳು. ಮನೆಯಲ್ಲಿ ಯಾರ ಬಳಿಯೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯದೆ ಇರುವವಳನ್ನು ಏನು ಮಾಡುವುದು? ದೊಡ್ಡಕ್ಕ ಆ ವಾರವೆಲ್ಲ ಅವಳ ಮುಖ ತಪ್ಪಿಸಿ ಓಡಾಡಿದಳು.

ಭಾನುವಾರ ಒಂದೇ ಕೋಣೆಯಲ್ಲಿ ಗೋಡೆಗೊಬ್ಬರು ಒರಗಿ ಪಾಠಕ್ಕೆ ಕೂತರು. ತನ್ನ ಕಾಲರನ್ನು ಮತ್ತೊಮ್ಮೆ ನೋಡಿ ಎಂದು ಚಿಕ್ಕವಳು ಕೇಳಿಕೊಂಡಿದ್ದಳು ಅಂತ ಕಾಣುತ್ತದೆ, ಮೇಡಂ ಆ ಕಾಲರನ್ನೇ ಪರದೆಯ ತುಂಬ ತೋರಿಸಿದರು. ಈ ಅಡ್ಡ ಹೊಲಿಗೆ ತಪ್ಪಲ್ಲ, ನುರಿತ ಕೈ ಮಾಡುವ ಕೆಲಸ, ಎರಡು ಕೊಟ್ಟವರು ಅವಸರಪಟ್ಟಿದ್ದಾರೆ ಎಂದು ಹತ್ತಕ್ಕೆ ಹತ್ತು ಹಾಕಿದರು. ಅಲ್ಲಿಗೆ ಟೇಬಲ್ ಚಿಕ್ಕವಳದಾಯಿತು. ಇದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದು ಮೇಡಂ ಕೇಳಿದರು.

ಚಿಕ್ಕವಳು ಎದ್ದು ಬಂದಳು. ಪ್ರೀತಿಗೋ, ಸೇಡಿಗೋ, ಅವಳಿಗೇ ಗೊತ್ತು. ಫೋನನ್ನು ದೊಡ್ಡಕ್ಕನ ಮುಖದ ಮುಂದೆ ಹಿಡಿದು, “ಇವರೇ ಮೇಡಂ, ನಮ್ಮ ಅಕ್ಕ,” ಎಂದಳು.

ಎಲ್ಲೆಲ್ಲೋ ಕೂತಿದ್ದ ಮುಖಗಳು ಚಪ್ಪಾಳೆ ತಟ್ಟಿದವು. ನೀವು ಯಾಕೆ ನಿಮ್ಮ ಕಾಲರಿನಲ್ಲಿ ಇದನ್ನು ಹಾಕಲಿಲ್ಲ ಎಂದು ಮೇಡಂ ನಗುತ್ತಾ ಕೇಳಿದರು. ಟೇಬಲ್ ಹೋದದ್ದಕ್ಕಿಂತ ಹೆಚ್ಚಾಗಿ ದೊಡ್ಡಕ್ಕನ ಹೊಟ್ಟೆ ಈಗ ಬೇರೊಂದಕ್ಕೆ ಉರಿಯುತ್ತಿತ್ತು: ಒಳ್ಳೆಯತನದಲ್ಲೂ ಇವಳೇ ಮುಂದೆ ಹೋದಳಲ್ಲ. ಪರದೆಯ ಪುಟ್ಟ ಚೌಕದಲ್ಲಿ ತನ್ನ ಮುಖ ಎಲ್ಲರಿಗೂ ಕಾಣುತ್ತಿದೆ ಎಂದು ನೆನಪಾಗಿ ಅವಳು ನಕ್ಕಳು. ಫೋನು ಹಿಡಿದಿದ್ದ ಚಿಕ್ಕವಳ ಕೈ ಸ್ವಲ್ಪವೂ ಅಲುಗಲಿಲ್ಲ.