ಒಳಕ್ಕೆ ತಿರುಗದ ಕಾಲು

ಎಂಬತ್ತರ ದಶಕದಲ್ಲಿ ಪೀಣ್ಯದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನು ಎಕ್ಸ್-ರೇ ತೆಗೆಯುತ್ತಿದ್ದೆ. ನನ್ನ ಅಕ್ಕನ ಗಂಡ ಅಲ್ಲೇ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಓಡಿಸುತ್ತಿದ್ದರು. ಮುಷ್ಕರದ ಸಮಯದಲ್ಲಿ ಗೇಟಿನ ಮುಂದೆ ಬಾಡಿಗೆ ಗೂಂಡಾಗಳು ಕಬ್ಬಿಣದ ರಾಡಿನಿಂದ ಹೊಡೆದು ಭಾವನ ಬಲ ಸೊಂಟದ ಕೀಲು ಮುರಿದರು. ಮೂಳೆ ಕೂಡಿಕೊಂಡಿತು, ಕೀಲು ಮಾತ್ರ ಸವೆಯುತ್ತ ಹೋಯಿತು. ನಾಲ್ಕು ವರ್ಷದಲ್ಲಿ ಚಪ್ಪಲಿ ಹಾಕಿಕೊಳ್ಳಲೂ ಅವರು ಅಕ್ಕನನ್ನು ಕರೆಯಬೇಕಾಯಿತು. ಕೀಲು ಬದಲಿಸುವುದೊಂದೇ ದಾರಿ ಎಂದರು ಡಾಕ್ಟರು.

ಹೊಸ ಕೀಲಿನ ಅಳತೆಗೆಂದು ಎಕ್ಸ್-ರೇ ಫಿಲ್ಮ್ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಮಲಗಿಸಿದಾಗ ಭಾವನ ಎರಡೂ ಪಾದ ಹೊರಕ್ಕೆ ವಾಲಿದ್ದವು. ನೋಯಿಸಲು ಮನಸ್ಸಾಗದೆ ಹಾಗೇ ತೆಗೆದೆ. ಡಾಕ್ಟರು ಹೊಸ ಕೀಲಿನ ಚಿತ್ರವಿದ್ದ ಪಾರದರ್ಶಕ ಹಾಳೆಯನ್ನು ಫಿಲ್ಮಿನ ಮೇಲಿಟ್ಟು ನೋಡಿದವರೇ ಫಿಲ್ಮನ್ನು ನನ್ನ ಮುಖಕ್ಕೆ ಎಸೆದರು. ಅಂಚು ತಾಗಿ ಕೆನ್ನೆ ಸೀಳಿತು.

“ಪಾದ ಹೊರಗೆ ಬಿದ್ರೆ ತೊಡೆ ಮೂಳೆ ಕುತ್ತಿಗೆ ಗಿಡ್ಡ ಕಾಣುತ್ತೆ ಕಣಯ್ಯಾ. ಈ ಅಳತೆ ನಂಬಿ ಹಾಕಿದ್ರೆ ಕೀಲು ಜಾರಿ ಹೊರಗೆ ಬರುತ್ತೆ. ಎರಡೂ ಹೆಬ್ಬೆರಳು ಒಳಕ್ಕೆ ತಿರುಗ್ಸಿ ತೆಗಿ!”

ಮತ್ತೆ ಮಲಗಿಸಿದೆ. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದೆ. ಭಾವ ಕಿರುಚಿದರು. ಪಾದಕ್ಕೆ ಬ್ಯಾಂಡೇಜ್ ಕಟ್ಟಿ, ಇನ್ನೂ ಬಲವಾಗಿ ಎಳೆದೆ.

“ಬಿಡೋ! ಸಾಯಿಸ್ಬಿಡ್ತೀಯೇನೋ?”

“ಸ್ವಲ್ಪ ತಡ್ಕೊಳ್ಳಿ ಭಾವ!”

ಕಾಲು ಅಲುಗದಂತೆ ಒತ್ತಿಡಲು ತಂದಿದ್ದ ಮರಳು ಚೀಲ ಅವರ ಪಕ್ಕದಲ್ಲೇ ಇತ್ತು. ಅದನ್ನೇ ಎತ್ತಿ ನನ್ನ ಮೂತಿಗೆ ಬೀಸಿದರು. ಮೂಗಿನಿಂದ ರಕ್ತ ಸುರಿಯಿತು. ಕೋಪದಲ್ಲಿ ಕಣ್ಣು ಕಾಣದೆ ನಾನು ಅವರ ಕೆನ್ನೆಗೆ ಎರಡು ಬಾರಿಸಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ಗದ್ದಲ ಕೇಳಿ ಡಾಕ್ಟರು ಬಂದರು. ಕಟ್ಟು ಬಿಚ್ಚಿಸಿ, ಭಾವನ ಮಂಡಿ ಹಿಡಿದು ಮೆಲ್ಲಗೆ ಆಡಿಸಿ ನೋಡಿದರು.

“ಕೀಲಲ್ಲೇ ಬಿಗಿದ್ಕೊಂಡಿದೆ. ಯಾರು ತಿರುಚಿದ್ರೂ ತಿರುಗಲ್ಲ. ನಾನೇ ಮೊದ್ಲು ಕೈಯಿಟ್ಟು ನೋಡ್ಬೇಕಿತ್ತು,” ಎಂದರು. “ಚೆನ್ನಾಗಿರೋ ಎಡಗಾಲು ತಿರುಗ್ಸಿ ತೆಗಿ. ಅದರ ಅಳತೇನೇ ಇದಕ್ಕೂ ತಗೊಳ್ಳೋಣ.”

ಎಡಗಾಲು ಸುಲಭವಾಗಿ ತಿರುಗಿತು. ಮೊದಲ ಫಿಲ್ಮಿನಲ್ಲಿ ಮೊಂಡಾಗಿ ಕಂಡಿದ್ದ ಆ ಕಾಲಿನ ಮೂಳೆಯ ಕುತ್ತಿಗೆ ಈಗ ಪೂರ್ತಿ ಉದ್ದಕ್ಕೆ ಕಾಣುತ್ತಿತ್ತು. ಬಲಗಾಲಿಗೆ ನಾನು ಕೊಟ್ಟ ಹಿಂಸೆಯೆಲ್ಲ ವ್ಯರ್ಥವಾಗಿತ್ತು.

ಮರುದಿನ ವಾರ್ಡಿಗೆ ಹೋದೆ.

“ಗೇಟಲ್ಲಿ ಹೊಡೆದೋರ ಮುಖ ಒಂದೂ ಜ್ಞಾಪಕ ಇಲ್ಲ ಕಣೋ,” ಎಂದರು ಭಾವ. “ನಿಂದು ಮರೆಯಲ್ಲ.”

“ತಪ್ಪಾಯ್ತು ಭಾವ.”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಆಪರೇಷನ್ ಚೆನ್ನಾಗಿ ಆಯಿತು. ಎರಡೂ ಕಾಲು ಸಮನಾಗಿ ಬಂದವು. ಕೆಲವು ತಿಂಗಳಲ್ಲಿ ಭಾವ ಕೋಲಿಲ್ಲದೆ ಬಸ್ಸು ಹತ್ತಿದರು, ಒಂದು ಭಾನುವಾರ ನಮ್ಮ ಮನೆಗೂ ಬಂದು ಊಟ ಮಾಡಿದರು. ಅಕ್ಕ ಮಾತ್ರ ವರ್ಷವಾದರೂ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ.